ರಾಜಿ ಅಕ್ಕನ ರಾಜ

ಮತ್ತೆ ಅಲ್ಲೇ, ಅವಳ ಕಿವಿಯ ಕೆಳಗೆ, ದವಡೆ ತಿರುಗುವ ಮೂಲೆಯಲ್ಲಿ ಆ ಸಣ್ಣ ಸ್ನಾಯು ಎದ್ದಿತು, ಇಳಿಯಿತು, ಚರ್ಮದ ಅಡಿಯಲ್ಲಿ ಬಟಾಣಿ ಕಾಳಿನಷ್ಟು ಗಂಟು, ಹಲ್ಲು ಕಚ್ಚುತ್ತಿದ್ದಾಳೆ, ಎಡಗಡೆ, ಹಿಂದಿನ ದವಡೆಹಲ್ಲು, ಹೀಗೇ ಕಚ್ಚುತ್ತಾ ಹೋದರೆ ಸವೆದು ಚಪ್ಪಟೆಯಾಗುತ್ತದೆ, ಆಮೇಲೆ ನನ್ನಂಥವಳ ಮೇಜಿಗೇ ಬರಬೇಕು, ಪ್ಲಾಸ್ಟರಿನ ಅಚ್ಚಾಗಿ — ಇದೆಲ್ಲ ಈಗ ಯಾಕೆ, ಬೋರ್ಡು ನೋಡು, ಓಡುತ್ತಿರುವುದು ನಿನ್ನ ಗಡಿಯಾರ. ಆದರೆ ಕಣ್ಣು ಕೇಳಬೇಕಲ್ಲ, ಬೆಳಗಾದರೆ ಲ್ಯಾಬಿನ ದೀಪದ ಕೆಳಗೆ ಕೂತು ಯಾರ್ಯಾರದೋ ಬಾಯಿಗೆ ಹಲ್ಲಿನ ಸೆಟ್ಟು ಮಾಡುವವಳಿಗೆ ಮನುಷ್ಯರ ಮುಖದಲ್ಲಿ ಮೊದಲು ಕಾಣುವುದೇ ದವಡೆ, ಕಣ್ಣು ಮೂಗು ಎಲ್ಲ ಆಮೇಲೆ. ಎದುರಿಗೆ ಕೂತಿರುವವಳು ಮೂರು ಸಲ ದೇಶದ ಚಾಂಪಿಯನ್, ಅವಳ ಕಣ್ಣಿನಲ್ಲಿ ಏನೂ ಓದಲಾಗುವುದಿಲ್ಲ, ಬಾಗಿಲೆಳೆದ ಅಂಗಡಿಯ ಹಾಗೆ, ಆದರೆ ದವಡೆಗೆ ಬಾಗಿಲಿಲ್ಲ, ಪಾಪ. ಈಗ ತಾನೇ ಆನೆಯನ್ನು ಒಂದು ಮನೆ ಸರಿಸಿ, ಡ್ರಾ, ಅಂದಳು, ಆ ಜಗ್ಗಿನಲ್ಲಿ ನೀರಿದೆಯಾ ಅಂತ ಕೇಳಿದಷ್ಟು ಮೆಲ್ಲಗೆ, ಅಂದು ಗಡಿಯಾರ ಒತ್ತಿ ಕೈಕಟ್ಟಿ ಕೂತಳು. ಕೊನೆಯ ಸುತ್ತಿನಲ್ಲಿ ಉಳಿದಿರುವುದು ನಮ್ಮದೊಂದೇ ಆಟ, ಪಕ್ಕದ ಮೇಜುಗಳೆಲ್ಲ ಖಾಲಿ, ಕಾಯಿಗಳನ್ನು ಆಗಲೇ ಸಾಲಾಗಿ ಜೋಡಿಸಿಟ್ಟಿದ್ದಾರೆ. ಅವಳಿಗೆ ನನಗಿಂತ ಅರ್ಧ ಅಂಕ ಹೆಚ್ಚು. ನಾನು ಹೂಂ ಅಂದರೆ ಪಟ್ಟ ಅವಳದೇ, ನಾಲ್ಕನೇ ಸಲ, ನನಗೆ ಎರಡನೇ ಸ್ಥಾನ, ಬೆಳ್ಳಿ ಪದಕ, ದೇಶದ ತಂಡದಲ್ಲಿ ಒಂದು ಕುರ್ಚಿ, ನಲವತ್ತು ದಾಟಿದವಳಿಗೆ ಇನ್ನೇನು ಬೇಕು. ಗೆದ್ದರೆ ಪಟ್ಟ ನನ್ನದು. ಸೋತರೆ ಬೆನ್ನಟ್ಟಿ ಬಂದ ಹುಡುಗಿಯರೆಲ್ಲ ಮೇಲೆ ಹತ್ತಿ, ನಾನು ಐದನೆಯವಳೋ ಆರನೆಯವಳೋ ಆಗಿ, ತಂಡವೂ ಇಲ್ಲ ಪದಕವೂ ಇಲ್ಲ, ಗಂಟುಮೂಟೆ ಕಟ್ಟಿಕೊಂಡು ಮನೆಗೆ.

ಹೂಂ ಅಂತೀನಿ ಅಂತ ಎಲ್ಲರಿಗೂ ಗೊತ್ತು, ಹಗ್ಗದ ಆಚೆ ನಿಂತವರಿಗೆ ಗೊತ್ತು, ತೀರ್ಪುಗಾರರಿಗೆ ಗೊತ್ತು — ನೋಡು, ಜೇಬಿನಿಂದ ಪೆನ್ನು ತೆಗೆದು ಹತ್ತಿರ ಬಂದೇ ಬಿಟ್ಟರು, ಒಂದು ಬೂಟು ಕಿರ್ರೆನ್ನುತ್ತದೆ ಅವರದು, ಇಷ್ಟು ದಿನದಿಂದ ಆ ಬೂಟಿನ ಸದ್ದು ಕೇಳಿ ಕೇಳಿ ನನಗೆ ಅದೂ ಒಂದು ಗಡಿಯಾರವಾಗಿದೆ. ಈ ವಲಯದಲ್ಲಿ ನನಗಿರುವ ಹೆಸರೇ ರಾಜಿ ಅಕ್ಕ. ಹೆತ್ತವರು ಇಟ್ಟದ್ದಲ್ಲ, ಆಟ ಅರ್ಧ ದಾರಿ ಮುಟ್ಟುವಷ್ಟರಲ್ಲಿ ರಾಜಿಗೆ ಬರುವವಳು ಅಂತ ಯಾರೋ ತಮಾಷೆಗೆ ಅಂದದ್ದು ಅಂಟಿಕೊಂಡು ಬಿಟ್ಟಿತು, ಹೊಸದಾಗಿ ಬರುವ ಹುಡುಗಿಯರು ಅದೇ ನನ್ನ ನಿಜ ಹೆಸರು ಅಂದುಕೊಳ್ಳುತ್ತಾರೆ, ಒಂದು ಪತ್ರಿಕೆಯವರು ಫೋಟೋದ ಕೆಳಗೆ ಕುಮಾರಿ ರಾಜಿ ಅಂತಲೇ ಅಚ್ಚು ಹಾಕಿದ್ದರು, ಆಗ ನನ್ನ ಮಗಳಿಗೆ ಎರಡು ವರ್ಷ. ಬೇಸರವೇನೂ ಇರಲಿಲ್ಲ. ಸೋಲದಿದ್ದರೆ ಸಾಕು, ಯಾರ ಜೊತೆಯೂ ಮುಖ ಕೆಡಿಸಿಕೊಳ್ಳಬೇಕಾಗಿಲ್ಲ, ಆಟ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಕಾಫಿ ಕುಡಿಯಬಹುದು, ಅಂತ. ಮನೆಯಿಂದ ಹೊರಡುವಾಗ ಮಗಳು ಚೀಲದ ಜಿಪ್ಪು ಎಳೆಯುತ್ತಾ, ಅಮ್ಮಾ, ನಿನ್ನ ಆಟ ನೋಡೋಕೆ ಕೂತ್ರೆ ನಿದ್ದೆ ಬರತ್ತೆ, ಈ ಸಲನಾದ್ರೂ ಯಾರಾದ್ರೂ ಒಬ್ರು ಸೋಲಿ, ನೀನೇ ಆದ್ರೂ ಪರವಾಗಿಲ್ಲ, ಅಂದಳು. ಲ್ಯಾಬಿನ ಯಜಮಾನರು ರಜೆ ಕೊಡುವಾಗ, ಹೋಗ್ಬಾಮ್ಮ, ಹಲ್ಲಿಲ್ಲದೋರು ನೀನು ಬರೋವರೆಗೂ ಸೂಪು ಕುಡ್ಕೊಂಡಿರ್ತಾರೆ, ಅಂದರು. ನಗುತ್ತಲೇ ಹೊರಟು ಬಂದೆ. ಬಂದವಳು ಮೊದಲ ಸುತ್ತುಗಳಲ್ಲಿ ಯಾಕೋ ಗೆದ್ದೆ, ಎದುರಿನ ಹುಡುಗಿಯರು ಆತುರಪಟ್ಟು ತಪ್ಪು ಮಾಡಿದರು, ನಾನು ಏನೂ ಮಾಡದೆ ಕೂತಿದ್ದೆ ಅಷ್ಟೇ, ಆಮೇಲೆ ಎರಡು ಡ್ರಾ, ಮತ್ತೆ ಒಂದು ಗೆಲುವು, ಹೀಗೆ ತೆವಳಿಕೊಂಡು ಬಂದು ನೋಡಿದರೆ ಕೊನೆಯ ದಿನ ಮೊದಲ ಮೇಜಿನಲ್ಲಿ ಕೂತಿದ್ದೇನೆ, ಕಪ್ಪು ಕಾಯಿ, ಎದುರಿಗೆ ಇವಳು.

ಕಪ್ಪು ಕಾಯಿ ಹಿಡಿದವಳು ಡ್ರಾ ಸಿಕ್ಕರೆ ಕಣ್ಣಿಗೊತ್ತಿಕೊಳ್ಳಬೇಕು ಅಂತ ಅಪ್ಪ ಹೇಳುತ್ತಿದ್ದರು, ಇಲ್ಲ, ಅಪ್ಪ ಅಲ್ಲ, ಅಪ್ಪನ ಜೊತೆ ಆಡುತ್ತಿದ್ದ ಟಿಕೆಟ್ ಹರಿಯುವ ಮಾಮ. ಅಪ್ಪ ಚಿತ್ರಮಂದಿರದಲ್ಲಿ ರೀಲು ಓಡಿಸುತ್ತಿದ್ದರು, ಆ ಮೇಲಿನ ಕೋಣೆ, ಗೋಡೆಯಲ್ಲಿ ಅಂಗೈಯಗಲದ ಕಿಂಡಿ, ಯಂತ್ರದ ಕಟಕಟ, ಕಾದ ಎಣ್ಣೆಯ ವಾಸನೆ, ಒಂದು ರೀಲು ಮುಗಿದು ಇನ್ನೊಂದು ಏರುವವರೆಗೆ ಸ್ಟೂಲಿನ ಮೇಲೆ ಚದುರಂಗ, ನಾನು ಡಬ್ಬಗಳ ಮೇಲೆ ಕೂತು ನೋಡುತ್ತಿದ್ದೆ, ಗೋಡೆಯಾಚೆ ನಾಯಕ ಯಾರಿಗೋ ಹೊಡೆಯುತ್ತಿರುತ್ತಿದ್ದ, ಜನ ಶಿಳ್ಳೆ ಹಾಕುತ್ತಿದ್ದರು, ಇಲ್ಲಿ ಅಪ್ಪ ಸದ್ದಿಲ್ಲದೆ ಮಾಮನ ಕುದುರೆ ಎತ್ತಿಕೊಳ್ಳುತ್ತಿದ್ದರು. ಅಪ್ಪ ಆಡಿದರೆ ಗೆಲ್ಲಲಿಕ್ಕೇ. ನನಗೆ ಆರೋ ಏಳೋ, ತಮ್ಮನಿಗೆ ನಾಲ್ಕು, ಇಬ್ಬರಿಗೂ ಅಲ್ಲೇ ಕಲಿಸಿದರು, ಕಲಿತದ್ದನ್ನು ಮನೆಯಲ್ಲಿ ನೆಲದ ಮೇಲೆ ಹೊಟ್ಟೆ ಹಾಕಿ ಮಲಗಿ ಆಡುತ್ತಿದ್ದೆವು. ಮನೆಯಲ್ಲಿ ಅಮ್ಮ. ತಮ್ಮನ ಕೆಳತುಟಿ ಅದುರಲು ಶುರುವಾದರೆ ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಅದು ಹೇಗೆ ಕೇಳಿಸುತ್ತಿತ್ತೋ, ತಿರುಗಿ ಕೂಡ ನೋಡದೆ, ಸಮ ಮಾಡ್ಕೊಳ್ಳೇ, ಚಿಕ್ಕವನು, ಅಳ್ತಾನೆ, ಅನ್ನುತ್ತಿದ್ದರು. ಸಮ ಮಾಡಿಕೊಳ್ಳುತ್ತಿದ್ದೆ. ಬರಬರುತ್ತಾ ಅಮ್ಮ ಹೇಳುವುದೂ ಬೇಡವಾಯಿತು, ಗೆಲ್ಲುವ ದಾರಿ ಕಂಡ ಕೂಡಲೇ ಕೈ ತಾನಾಗಿ ಬೇರೆ ಕಾಯಿಯ ಕಡೆ ಹೋಗುತ್ತಿತ್ತು, ಸೈಕಲ್ಲು ಮನೆಯ ತಿರುವಿನಲ್ಲಿ ತಾನಾಗಿ ತಿರುಗುವ ಹಾಗೆ. ಎಲ್ಲರೂ ಹೊಗಳುತ್ತಿದ್ದರು, ಎಷ್ಟು ಒಳ್ಳೇ ಹುಡುಗಿ, ತಮ್ಮನ್ನ ಒಂದು ಸಲನೂ ಅಳಿಸಲ್ಲ. ಅಪ್ಪ ಮಾತ್ರ ಬಾಗಿಲಲ್ಲಿ ನಿಂತು ಬೋರ್ಡು ನೋಡುತ್ತಿದ್ದರು, ನೋಡಿ, ಶರ್ಟಿನ ತೋಳು ಮಡಚಿಕೊಂಡು ಕೈ ತೊಳೆಯಲು ಹೋಗುತ್ತಿದ್ದರು.

ತಮ್ಮ ಅಲ್ಲೇ ನಿಂತಿದ್ದಾನೆ, ಹಗ್ಗದ ಆಚೆ, ಎಲ್ಲರಿಗಿಂತ ಒಂದು ತಲೆ ಎತ್ತರ, ನನ್ನ ಚೀಲ ಎದೆಗೆ ಅವುಚಿಕೊಂಡು, ಈಗ ಅವನಿಗೂ ತಲೆ ನರೆಯುತ್ತಿದೆ. ಲಿಫ್ಟ್ ರಿಪೇರಿ ಮಾಡುವವನು, ನಿನ್ನೆ ಇಲ್ಲಿಗೆ ಬಂದವನೇ ಈ ಕಟ್ಟಡದ ಲಿಫ್ಟಿಗೆ ಕಿವಿಗೊಟ್ಟು, ಬೇರಿಂಗ್ ಹೋಗಿದೆ, ನೀನು ಮೆಟ್ಟಿಲಲ್ಲೇ ಹೋಗು, ಅಂದವನು. ಇವತ್ತು ಬೆಳಗ್ಗೆ ಲಾಡ್ಜಿನ ಕೆಳಗಿನ ಕ್ಯಾಂಟೀನಿನಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ, ಸುಮ್ಮನೆ, ಎಷ್ಟೋ ದಿನದಿಂದ ಹೇಳಬೇಕು ಅಂದುಕೊಂಡದ್ದಲ್ಲ ಅನ್ನುವ ಹಾಗೆ, ಅಕ್ಕ, ನಾನು ಯಾಕೆ ಆಟ ಬಿಟ್ಟೆ ಗೊತ್ತಾ ನಿಂಗೆ, ಅಂದ. ಶಾಲೆ, ಓದು, ಫುಟ್‌ಬಾಲು, ಅಂದೆ ನಾನು. ಅಲ್ಲ, ಅಂದ. ನಿಂಗೆ ಗೆಲ್ಲೋ ದಾರಿ ಕಂಡಾಗ ನಿನ್ನ ಮುಖದಲ್ಲಿ ಗೊತ್ತಾಗ್ತಿತ್ತು, ಕಣ್ಣು ದೊಡ್ಡದಾಗ್ತಿತ್ತು, ನಾನು ಎದೆ ಗಟ್ಟಿ ಮಾಡ್ಕೊಂಡು ಕಾಯ್ತಿದ್ದೆ, ಈಗ ಹೊಡೀತಾಳೆ ಈಗ ಹೊಡೀತಾಳೆ ಅಂತ, ಆಮೇಲೆ ನೀನು ಬೇಕೂಂತ ಇನ್ನೇನೋ ಆಡ್ತಿದ್ದೆ. ಅಷ್ಟು ಚಿಕ್ಕವನಿಗೆ ಹೇಗೆ ಗೊತ್ತಾಯ್ತೋ, ಅಂದೆ. ಗೊತ್ತಾಗ್ದೆ ಏನು, ಅಂದ, ಅಳು ಬರ್ತಿದ್ದಿದ್ದು ಸೋಲ್ತೀನಿ ಅಂತ ಅಲ್ಲ ಅಕ್ಕ, ನೀನು ನನ್ನನ್ನ ಲೆಕ್ಕಕ್ಕೇ ಇಟ್ಕೊಳ್ಳಲ್ಲ ಅಂತ, ಒಂದೇ ಒಂದು ಸಲ ನೀನು ಸರಿಯಾಗಿ ಹೊಡೆದಿದ್ರೆ ನಾನು ಇನ್ನೂ ಆಡ್ತಿದ್ದೆನೋ ಏನೋ. ಅಷ್ಟು ಹೇಳಿ ಬ್ರೆಡ್ಡು ಮಡಚಿ ಬಾಯಿಗೆ ಹಾಕಿಕೊಂಡ, ಟೀ ಆರ್ತಿದೆ ಕುಡಿ, ಅಂದ. ನಾನು ಟೀ ಅಲ್ಲೇ ಬಿಟ್ಟು ಎದ್ದೆ. ಕೋಪ ಬಂತು, ಇಷ್ಟು ವರ್ಷ ಬಿಟ್ಟುಕೊಟ್ಟದ್ದಕ್ಕೆ ಇದಾ ಬಹುಮಾನ ಅಂತ, ಬೀದಿ ದಾಟುವವರೆಗೂ ಕೋಪ ಇತ್ತು, ಸಿಗ್ನಲ್ ದೀಪ ಕೆಂಪಾಗಿ ನಿಂತಾಗ ಯಾಕೋ ಕೋಪ ಇಳಿದು, ಮೈ ಹಗುರಾದ ಹಾಗಾಯಿತು, ಬೆನ್ನ ಮೇಲೆ ಇಷ್ಟು ದಿನ ಕೂರಿಸಿಕೊಂಡಿದ್ದ ಮಗು ತಾನೇ ಇಳಿದು ನಡೆದ ಹಾಗೆ.

ಲೆಕ್ಕಕ್ಕಿಟ್ಟುಕೊಳ್ಳುವುದು. ಇವಳು ನನ್ನನ್ನು ಲೆಕ್ಕಕ್ಕಿಟ್ಟುಕೊಂಡಿದ್ದಾಳೆ, ಅದೇ ಆ ಸ್ನಾಯು. ಇವಳು ಡ್ರಾ ಕೇಳುವವಳಲ್ಲ, ಬೇರೆಯವರಿಂದ ಕೇಳಿಸಿಕೊಳ್ಳುವವಳು, ಎಷ್ಟು ಸಲ ನಾನೇ ಕೇಳಿಲ್ಲ, ಇವಳು ತಲೆ ಕೂಡ ಎತ್ತದೆ ಅಲ್ಲಾಡಿಸಿ, ಆಡಿಸಿ ಆಡಿಸಿ ನನ್ನನ್ನು ಹಿಂಡಿದ್ದಾಳೆ. ಅರ್ಧ ಅಂಕ ಸಾಕು ಅಂತ ಕೇಳಿದಳು ಅನ್ನೋಣ, ನ್ಯಾಯವೇ, ಆದರೆ ಸಾಕು ಅನ್ನುವವರು ಹಲ್ಲು ಕಚ್ಚುವುದಿಲ್ಲ. ಏನೋ ನೋಡಿದ್ದಾಳೆ. ನಾನು ನೋಡದೇ ಇರುವುದನ್ನು ನನಗಿಂತ ಮೊದಲು ನೋಡಿದ್ದಾಳೆ, ನಾನು ನೋಡುವ ಮೊದಲು ಅಂಗಡಿ ಮುಚ್ಚಬೇಕು ಅಂತಿದ್ದಾಳೆ. ಎಲ್ಲಿ. ಮೊದಲಿನಿಂದ ನೋಡು, ನೆಲ ಒರೆಸುವವರ ಹಾಗೆ ಮೂಲೆಯಿಂದ ಶುರು ಮಾಡು. ಅವಳ ರಾಜ ಕೋಟೆಯೊಳಗೆ, ಮುಂದೆ ಮೂರು ಕಾಲಾಳುಗಳ ಗೋಡೆ. ಗೋಡೆಯಲ್ಲಿ ಒಂದು ಬಿರುಕು, ಬಿರುಕಿನ ಬಾಯಲ್ಲೇ ನನ್ನ ರಾಣಿ ನಿಂತಿದ್ದಾಳೆ, ಇನ್ನೊಂದು ಮನೆ ಒಳಗೆ ಹೋದರೆ ರಾಜನ ಕೊರಳು, ಆದರೆ ಒಬ್ಬಳೇ ಹೋದರೆ ರಾಜನೇ ಅವಳನ್ನು ತಿಂದುಹಾಕುತ್ತಾನೆ, ಬೆನ್ನಿಗೊಬ್ಬರು ಬೇಕು. ಆ ಅಂಚಿನ ಬಿಳಿ ಮನೆಯಲ್ಲಿ ಯಾರಾದರೂ ಒಬ್ಬರು ಬಂದು ನಿಂತರೆ ಸಾಕು, ಆಟ ಮುಗಿಯಿತು. ಯಾರು ಬರುತ್ತಾರೆ. ಆನೆಗಳು ಕದಲುವ ಹಾಗಿಲ್ಲ, ಅವಳ ಆನೆಗಳನ್ನು ಕಟ್ಟಿಹಾಕಿ ನಿಂತಿವೆ. ಒಂಟೆ ಕಪ್ಪು ಮನೆಗಳದು, ಹುಟ್ಟಿದಾಗಿನಿಂದ ಬಿಳಿ ಮನೆ ತುಳಿದಿಲ್ಲ. ಕುದುರೆಗಳು ಯಾವಾಗಲೋ ಸತ್ತು ಮೇಜಿನ ಅಂಚಿನಲ್ಲಿ ಒರಗಿವೆ. ಎಲ್ಲರ ಕೈಯಲ್ಲೂ ಕೆಲಸ. ಅವಳ ಕಡೆಯೂ ಅಷ್ಟೇ, ರಾಣಿ ಕದಲಿದರೆ ನನ್ನ ಆನೆ ಕೆಳಸಾಲಿಗೆ ಇಳಿದು ಅಲ್ಲೇ ಮೇಟು, ಒಂಟೆ ತನ್ನದೇ ಕಾಲಾಳುಗಳ ಹಿಂದೆ ಸಿಕ್ಕಿಕೊಂಡಿದೆ, ಒಂದು ಆನೆ ಮಾತ್ರ ಎರಡು ಮನೆಗಳ ನಡುವೆ ಅತ್ತಿಂದಿತ್ತ ಓಡಾಡಿಕೊಂಡಿದೆ, ಆಸ್ಪತ್ರೆಯ ವರಾಂಡದಲ್ಲಿ ಓಡಾಡುವವರ ಹಾಗೆ. ಹಾಗಾದರೆ ಡ್ರಾನೇ ಸರಿ. ನನಗೆ ಯಾರೂ ಇಲ್ಲ ಕಳಿಸಲಿಕ್ಕೆ. ಯಾರೂ ಇಲ್ಲ, ಒಬ್ಬರನ್ನು ಬಿಟ್ಟು, ಮೂಲೆಯಲ್ಲಿ ಬೆಚ್ಚಗೆ ಕೂತಿದ್ದಾನಲ್ಲ, ಇಡೀ ಸಂಸಾರ ದುಡಿಯುತ್ತಿರುವಾಗ ಕಾಲು ಚಾಚಿಕೊಂಡು, ಯಾರ ಕಣ್ಣಿಗೂ ಬೀಳದ ಹಾಗೆ ನಾನೇ ಕೂರಿಸಿ ಮೂರು ಕಡೆಯಿಂದ ಹೊದಿಸಿಟ್ಟಿದ್ದೇನಲ್ಲ — ಅವನು.

ನನ್ನ ರಾಜ. ಛೇ, ಹುಚ್ಚು ಇದು, ರಾಣಿಗಳು ಇನ್ನೂ ಬೋರ್ಡಿನ ಮೇಲಿವೆ, ನಾಲ್ಕು ಆನೆಗಳೂ ಇವೆ, ಇಂಥ ಹೊತ್ತಿನಲ್ಲಿ ರಾಜನನ್ನು ಮನೆಯಿಂದ ಹೊರಗೆ ಕಳಿಸುತ್ತಾರೆಯೇ ಯಾರಾದರೂ, ಬಯಲಿನಲ್ಲಿ, ಒಬ್ಬನೇ, ನಡೆದುಕೊಂಡು, ಶತ್ರುವಿನ ಬಾಗಿಲವರೆಗೆ. ಆದರೆ ತಡೆಯುವವರು ಯಾರು, ಹೇಳು. ಕೋಟೆಯಿಂದ ಹೊರಗೆ, ಒಂದು ಮನೆ ಮುಂದೆ, ಆಮೇಲೆ ನಡುಬಯಲಿಗೆ, ಆಮೇಲೆ ಅವಳ ಗೋಡೆಯ ಬುಡಕ್ಕೆ, ಆಮೇಲೆ ಆ ಬಿಳಿ ಮನೆ. ಆನೆಯಿಂದ ಚೆಕ್ ಇದೆಯಾ, ಇಲ್ಲ. ರಾಣಿಯಿಂದ, ಇಲ್ಲ, ಅವಳು ಕದಲುವ ಹಾಗಿಲ್ಲ. ಕಾಲಾಳುಗಳು ಹೊಡೆಯುವ ಮನೆಗಳನ್ನು ಬಿಟ್ಟು ನಡೆದರೆ, ಬಿಟ್ಟೇ ನಡೆಯಬಹುದು. ಒಂಟೆ. ಒಂಟೆ ಬಿಡಿಸಿಕೊಂಡು ಬಂದರೆ ಕೆಲಸ ಕೆಡುತ್ತದೆ, ಅದಕ್ಕೆ ಹೊತ್ತು ಬೇಕು, ನಾನು ಹೊರಟಿದ್ದು ಎಲ್ಲಿಗೆ ಅಂತ ಅವಳಿಗೆ ಎಷ್ಟು ತಡವಾಗಿ ಗೊತ್ತಾದರೆ ಅಷ್ಟು ಒಳ್ಳೆಯದು. ಆದರೆ ಗೊತ್ತಿದೆಯಲ್ಲ ಅವಳಿಗೆ, ಅದಕ್ಕೇ ತಾನೇ ಡ್ರಾ ಅಂದದ್ದು. ಅಥವಾ ಇದಲ್ಲ, ಬೇರೇನೋ ಹೆದರಿಕೆ, ನನ್ನ ಆನೆಗಳ ಹೆದರಿಕೆ ಇರಬಹುದು, ಈ ನಡಿಗೆಯನ್ನು ಅವಳೂ ಕಂಡಿಲ್ಲದಿರಬಹುದು, ಯಾರು ಕಾಣುತ್ತಾರೆ ಇಂಥದ್ದನ್ನು, ಅದೂ ರಾಜಿ ಅಕ್ಕನಿಂದ. ಮತ್ತೊಂದು ಸಲ ನಡೆದು ನೋಡಿದೆ, ಮನಸ್ಸಿನಲ್ಲೇ, ಮೇಣದ ಒಸಡಿನಲ್ಲಿ ಹಲ್ಲು ಕೂರಿಸುವಾಗ ಮೇಲಿನ ಸಾಲು ಕೆಳಗಿನ ಸಾಲನ್ನು ಎಲ್ಲೆಲ್ಲಿ ಮುಟ್ಟುತ್ತದೆ ಅಂತ ನೋಡುವ ಹಾಗೆ, ಒಂದೊಂದೇ ಮನೆ, ತಪ್ಪಿಲ್ಲ, ಎಲ್ಲೂ ತಗುಲುವುದಿಲ್ಲ. ಉಳಿದ ಹೊತ್ತನ್ನು ಗಡಿಯಾರ ಅರ್ಧಕ್ಕರ್ಧ ತಿಂದು ಹಾಕಿದೆ. ಬೆಳ್ಳಿ ಪದಕ, ತಂಡದ ಕುರ್ಚಿ, ಒಟ್ಟಿಗೆ ಕಾಫಿ, ಎಲ್ಲವೂ ಒಂದು ಹೂಂನ ದೂರದಲ್ಲಿವೆ, ತುಟಿ ಅಲ್ಲಾಡಿಸಿದರೆ ಸಾಕು. ಸಮ ಮಾಡ್ಕೊಳ್ಳೇ. ಇಲ್ಲಮ್ಮ. ಕೈ ಹೊರಟಿತು, ಎಂದಿನಂತೆ ಬೇರೆ ಕಾಯಿಯ ಕಡೆಗಲ್ಲ, ಮೂಲೆಗೇ ಹೋಯಿತು, ರಾಜನ ತಲೆ ಮುಟ್ಟಿತು, ಮುಟ್ಟಿದ ಮೇಲೆ ಮುಗಿಯಿತು, ಮುಟ್ಟಿದ ಕಾಯಿಯನ್ನು ಆಡಲೇಬೇಕು. ಒಂದು ಮನೆ. ಗಡಿಯಾರ ಒತ್ತಿದೆ. ತೀರ್ಪುಗಾರರು ಪೆನ್ನನ್ನು ಮತ್ತೆ ಜೇಬಿಗಿಟ್ಟುಕೊಂಡರು, ಬೂಟು ಕಿರ್ರೆಂದಿತು.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು, ಬೋರ್ಡನ್ನಲ್ಲ, ನನ್ನನ್ನು, ಮೊದಲ ಸಲ. ಕೇಳಿಸಲಿಲ್ಲವೇನೋ ಅಂದುಕೊಂಡಳೋ ಏನೋ. ಕೇಳಿಸಿತು ತಾಯಿ, ಚೆನ್ನಾಗಿಯೇ ಕೇಳಿಸಿತು. ಅವಳ ಆನೆ ವರಾಂಡದ ಆ ತುದಿಗೆ ಹೋಯಿತು. ನನ್ನ ರಾಜ ಇನ್ನೊಂದು ಮನೆ ಮುಂದೆ. ಹಗ್ಗದಾಚೆ ಯಾರೋ, ಏನ್ ಮಾಡ್ತಿದ್ದಾರೆ ಅಕ್ಕ, ಕೈ ಜಾರಿತಾ, ಅಂದರು, ಇನ್ಯಾರೋ ಶ್ ಅಂದರು. ಆನೆ ಈ ತುದಿಗೆ ಬಂತು. ಈಗ ಬಯಲು. ಸುತ್ತ ಯಾರೂ ಇಲ್ಲ, ಹಿಂದೆ ನನ್ನ ಕಾಲಾಳುಗಳೆಲ್ಲ ದೂರ, ನಡುಬೋರ್ಡಿನಲ್ಲಿ ಕಿರೀಟ ಹೊತ್ತವನೊಬ್ಬ ನಿಂತಿದ್ದಾನೆ, ಎಲ್ಲಿಂದಲಾದರೂ ಒಂದು ಚೆಕ್ ಬಂದರೆ ಇವನ ಕಥೆ ಅಲ್ಲಿಗೆ, ನನ್ನ ಕಥೆಯೂ ಅಲ್ಲಿಗೆ. ಬರಲಿಲ್ಲ. ಅವಳು ಯೋಚಿಸಿದಳು, ತುಂಬ ಹೊತ್ತು, ಸ್ನಾಯು ಏಳಲಿಲ್ಲ ಇಳಿಯಲಿಲ್ಲ, ಗಟ್ಟಿಯಾಗಿ ನಿಂತೇ ಇತ್ತು, ನಾನು ನೀರು ಕುಡಿದೆ, ಲೋಟ ಕೆಳಗಿಡುವಾಗ ಸದ್ದಾಗಬಾರದು ಅಂತ ಕಿರುಬೆರಳು ಕೆಳಗೆ ಕೊಟ್ಟು ಇಟ್ಟೆ. ಆಗ ಗೊತ್ತಾಯಿತು ಅವಳಿಗೆ. ಅವಳಿಗೆ ಗೊತ್ತಾಯಿತು ಅಂತ ನನಗೆ ಹೇಗೆ ಗೊತ್ತಾಯಿತು ಅಂದರೆ, ಅವಳ ಕಣ್ಣು ನನ್ನ ರಾಜನಿಂದ ಹೊರಟು ಮನೆ ಮನೆ ಹಾದು ಆ ಅಂಚಿನ ಬಿಳಿ ಮನೆಗೆ ಬಂದು ನಿಂತಿತು, ನಿಂತು, ಅಲ್ಲಿಂದ ಮೇಲೇಳಲಿಲ್ಲ. ಆನೆ ಮತ್ತೆ ಆ ತುದಿಗೆ ಹೋಯಿತು, ಬೇರೆ ಮಾಡುವುದೇನೂ ಇರಲಿಲ್ಲ ಅದಕ್ಕೆ. ನನ್ನ ರಾಜ ಗೋಡೆಯ ಬುಡಕ್ಕೆ. ಈಗ ಅವಳು ಆ ದೂರದ ಬದಿಯ ಕಾಲಾಳನ್ನು ಒಂದು ಮನೆ ನೂಕಿದಳು, ಕಾಯಿ ಮನೆಯ ನಡುವೆ ಕೂರಲಿಲ್ಲ, ಒಂಟೆಗೆ ದಾರಿ ಬಿಡಿಸುತ್ತಿದ್ದಾಳೆ. ಒಂಟೆ. ಒಂಟೆ ಬಂದು ಕಾದುಕೊಂಡರೆ ನನ್ನ ರಾಜ ಬಯಲಿನಲ್ಲೇ ಸಿಕ್ಕಿಬಿದ್ದ, ಹಿಂದೆ ಹೋಗುವ ದಾರಿ ಉದ್ದ. ಎಣಿಸು, ಹೆದರಬೇಡ, ಎಣಿಸು, ಒಂಟೆ ಹೊರಗೆ ಬರಲು ಒಂದು ನಡೆ, ಬಂದು ಕಾಯಲು ಇನ್ನೊಂದು. ಅವಳಿಗೆ ಎರಡು ಬೇಕು. ನನಗೆ ಒಂದು. ಸರದಿ ನನ್ನದು. ಮತ್ತೆ ಎಣಿಸಿದೆ, ಬಾಗಿಲಿಗೆ ಬೀಗ ಹಾಕಿ ಎಳೆದು ನೋಡುವವರ ಹಾಗೆ. ಅವಳಿಗೆ ಎರಡು, ನನಗೆ ಒಂದು. ಅಪ್ಪ, ನೀವು ಈಗ ಬಾಗಿಲಲ್ಲಿದ್ದರೆ ತೋಳು ಮಡಚಿಕೊಂಡು ಹೋಗುವ ಹಾಗಿರಲಿಲ್ಲ. ರಾಜನನ್ನು ಎತ್ತಿಕೊಂಡೆ, ಎಷ್ಟು ಹಗುರ, ಮರದ ಒಂದು ತುಂಡು, ಅಡಿಯಲ್ಲಿ ಹಸಿರು ಬಟ್ಟೆ, ಆ ಬಿಳಿ ಮನೆಯ ನಟ್ಟನಡುವೆ ಇಟ್ಟೆ, ಬೆರಳು ತೆಗೆದೆ.

ಅವಳ ಕೈ ಮೇಲೆದ್ದಿತು. ಬಲಗೈ, ಉಗುರು ಚಿಕ್ಕದಾಗಿ ಕತ್ತರಿಸಿದ ಕೈ, ಒಂಟೆಯ ಕಡೆ ಹೊರಟಿತು, ಅರ್ಧಕ್ಕೆ ನಿಂತಿತು, ಅಲ್ಲಿಂದ ರಾಣಿಯ ಮೇಲೆ ಸರಿಯಿತು, ಇಳಿಯಲಿಲ್ಲ, ಆನೆಯ ಮೇಲೆ ಬಂತು, ಅಲ್ಲೂ ಇಳಿಯಲಿಲ್ಲ, ಕೊನೆಗೆ ಬೋರ್ಡಿನ ನಡುವೆ ಯಾವ ಕಾಯಿಯ ಮೇಲೂ ಅಲ್ಲದೆ ಗಾಳಿಯಲ್ಲಿ ನಿಂತಿತು, ಐದು ಬೆರಳೂ ಸ್ವಲ್ಪ ಬಿಚ್ಚಿಕೊಂಡು, ಮುಟ್ಟುವುದಕ್ಕೆ ಏನೂ ಇಲ್ಲದ ಕೈ. ಎಷ್ಟು ಹೊತ್ತು ನಿಂತಿತೋ. ಆಮೇಲೆ ಅದೇ ಕೈ, ಸೋಲೊಪ್ಪಿ, ತಿರುಗಿ ನನ್ನ ಕಡೆ ಬಂತು, ನಾನು ಹಿಡಿದುಕೊಂಡೆ, ತಣ್ಣಗಿತ್ತು, ಅವಳು ಏನೋ ಅಂದಳು, ಗದ್ದಲದಲ್ಲಿ ಕೇಳಿಸಲಿಲ್ಲ, ಗದ್ದಲ ಯಾವಾಗ ಶುರುವಾಯಿತು ಅಂತಲೂ ಗೊತ್ತಿಲ್ಲ, ಹಗ್ಗ ಎಲ್ಲಿ ಹೋಯಿತೋ, ಯಾರ್ಯಾರೋ ಬೆನ್ನು ತಟ್ಟುತ್ತಿದ್ದಾರೆ, ಹುಡುಗಿಯೊಬ್ಬಳು ಅಳುತ್ತಾ ನಗುತ್ತಿದ್ದಾಳೆ, ಅವಳು ಯಾರೋ ನನಗೆ ಗೊತ್ತೂ ಇಲ್ಲ. ತೀರ್ಪುಗಾರರು ಪೆನ್ನು ತೆಗೆದು ಬರೆದರು, ಸೊನ್ನೆ ಒಂದು, ಬರೆದು ನನ್ನ ಮುಖ ನೋಡಿ, ಡ್ರಾ ಅಲ್ಲ ಅಂದ್ರೆ ನೀವು ಸಹಿ ಹಾಕೋ ಜಾಗ ಇದೇನಾ ಅಂತ ನನಗೇ ಅನುಮಾನ ಬಂತು ನೋಡಿ, ಅಂದು ನಕ್ಕರು. ಚಾಂಪಿಯನ್, ಅಲ್ಲ, ಈಗ ಚಾಂಪಿಯನ್ ಅವಳಲ್ಲ, ಅವಳು ಎದ್ದು ಹೋಗಿರಲಿಲ್ಲ, ಕೂತೇ ಇದ್ದಳು, ನನ್ನ ರಾಜನನ್ನು ಅವಳೇ ಎತ್ತಿ ಹಳೆಯ ಮೂಲೆಗೆ ಇಟ್ಟು, ಒಂದೊಂದೇ ಮನೆ ನಡೆಸಿ ನೋಡಿದಳು, ಇಲ್ಲಿಂದ ಹೊರ್ಡತ್ತೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ, ನಂಗೆ ನಿಮ್ಮ ಆನೆಗಳದ್ದೇ ಭಯ ಇತ್ತು, ಅಂದಳು, ಆಮೇಲೆ, ನೀವು ಹೀಗೂ ಆಡ್ತೀರಾ, ಅಂದಳು, ನನಗೂ ಗೊತ್ತಿರಲಿಲ್ಲ, ಅಂದೆ ನಾನು, ಅದು ನಿಜವೇ, ಅವಳು ನಕ್ಕಳು, ದವಡೆ ಸಡಿಲವಾಗಿತ್ತು, ಎಷ್ಟು ಚೆಂದದ ಸಾಲು ಹಲ್ಲು, ರಾತ್ರಿ ಹೊತ್ತು ಕಚ್ಚುತ್ತೀರಿ, ಡಾಕ್ಟರಿಗೆ ತೋರಿಸಿ ಹಲ್ಲಿನ ಮೇಲೆ ತೊಡುವ ಒಂದು ಕವಚ ಮಾಡಿಸಿಕೊಳ್ಳಿ, ನಾನೇ ಮಾಡಿಕೊಡುತ್ತೇನೆ, ಅಂತ ಹೇಳಿಯೇಬಿಟ್ಟೆ, ಇಂಥ ಹೊತ್ತಿನಲ್ಲಿ. ತಮ್ಮ ಬಂದ. ಚೀಲ ಕೆಳಗಿಟ್ಟ, ನನ್ನನ್ನು ಎತ್ತಿಯೇಬಿಟ್ಟ, ನಲವತ್ತು ದಾಟಿದ ಹೆಂಗಸನ್ನು, ಅಷ್ಟು ಜನರ ಎದುರು, ಬಿಡೋ ಬಿಡೋ ಅಂತಿದ್ದೇನೆ, ಬಿಡುತ್ತಿಲ್ಲ, ಹೊಡೆದೆಯಲ್ಲಾ ಅಕ್ಕ, ಅಂದ ಕಿವಿಯಲ್ಲಿ, ಅವನ ಕೆಳತುಟಿ ಅದುರುತ್ತಿತ್ತು, ಅಳೋ, ಅಂದೆ, ಅಳು ಪರವಾಗಿಲ್ಲ. ಇಳಿಸಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲು ನಾಚಿಕೆಯಾಗಿ ಬೋರ್ಡು ನೋಡಿದೆವು. ನನಗೆ ಬೋರ್ಡಿನ ಮೇಲೆ ಮತ್ತೆ ಅವಳ ಆ ಕೈ ಕಂಡ ಹಾಗಾಯಿತು, ಗಾಳಿಯಲ್ಲಿ, ಬೆರಳು ಬಿಚ್ಚಿಕೊಂಡು.

ಫೋನಿನಲ್ಲಿ ಮಗಳು ಮೊದಲು, ಅಮ್ಮಾ ನಾನು ನೋಡ್ತಿದ್ದೆ, ಎಲ್ಲಾ ನೋಡಿದೆ, ಒಂದು ಸಲನೂ ನಿದ್ದೆ ಬರ್ಲಿಲ್ಲ, ಅಂತ ಅರಚುತ್ತಿದ್ದಾಳೆ, ಹಿಂದಿನಿಂದ ಅವಳಪ್ಪ ಏನೋ ಕೂಗುತ್ತಿದ್ದಾರೆ, ಪಾತ್ರೆ ಬಡಿಯುವ ಸದ್ದು, ಆಮೇಲೆ ನನ್ನ ಅಮ್ಮ, ಅಜ್ಜಿಗೆ ಕೊಡೇ ಅಜ್ಜಿಗೆ ಕೊಡೇ ಅಂತ ಕಸಿದುಕೊಂಡು, ಗೆದ್ಯಾ, ಅಂದರು. ಗೆದ್ದೆ ಅಮ್ಮ. ಪೂರ್ತಿನಾ. ಪೂರ್ತಿ. ಆ ಸೋತ ಹುಡುಗಿ ಅಳ್ತಿದ್ದಾಳಾ, ಅಂತ ಕೇಳಿದರು. ಇಲ್ಲಮ್ಮ, ಅಂದೆ, ನಗ್ತಾ ಇದ್ದಾಳೆ, ಇಲ್ಲೇ ನನ್ನ ಪಕ್ಕದಲ್ಲೇ ಇದ್ದಾಳೆ. ಹೌದಾ, ಅಂದರು ಅಮ್ಮ, ಇಷ್ಟು ವರ್ಷದ ಮೇಲೆ ಯಾರೋ ಹೊಸ ವಿಷಯ ಹೇಳಿದ ಹಾಗೆ, ಸೋತ್ರೂ ನಗ್ತಾರಾ, ಮತ್ತೆ, ಹಾಗಾದ್ರೆ ಒಳ್ಳೇದೇ ಆಯ್ತು ಬಿಡು ಮಗಳೇ, ಒಳ್ಳೇದೇ ಆಯ್ತು, ಅಂದರು. ವೇದಿಕೆ ಹತ್ತಿಸಿದರು. ನನ್ನ ನಿಜ ಹೆಸರು ಕರೆದರು, ಯಾರನ್ನು ಕರೆಯುತ್ತಿದ್ದಾರೆ ಅಂತ ಅರ್ಧ ಸಭೆಗೆ ತಿಳಿಯಲಿಲ್ಲ, ನಾನು ಎದ್ದು ನಿಂತ ಮೇಲೆ ಚಪ್ಪಾಳೆ ಬಿತ್ತು, ಇಡೀ ಸಭಾಂಗಣ ತುಂಬಿ ಬಿತ್ತು, ಪದಕದ ಪಟ್ಟಿ ಕೊರಳಿಗೆ ತಗುಲಿತು, ತೂಕ ಇದೆ, ಇಷ್ಟು ತೂಕ ಇರುತ್ತದೆ ಅಂತ ಗೊತ್ತಿರಲಿಲ್ಲ, ಹಿಡಿದು ನೋಡಿದೆ, ಕಚ್ಚಿ ನೋಡಿ ಅಂದರು ಫೋಟೋದವರು, ನನಗೆ ಹೇಳುತ್ತೀರಾ, ಹಲ್ಲು ಹೋಗುತ್ತದೆ, ಅಂದೆ, ಎಲ್ಲರೂ ನಕ್ಕರು, ಹೇಗನಿಸುತ್ತಿದೆ ಅಂತ ಮೈಕು ಹಿಡಿದವನು ಕೇಳಿದ, ನಾನು ಬಾಯಿ ತೆರೆದೆ, ಮಾತು ಸಿದ್ಧವಾಗಿತ್ತು, ಅಪ್ಪ, ತಮ್ಮ, ಲ್ಯಾಬು, ಮಗಳು, ಎಲ್ಲರಿಗೂ ಹೇಳಬೇಕು ಅಂತ ಸಾಲಾಗಿ ಜೋಡಿಸಿಕೊಂಡಿದ್ದೆ, ದೀಪಗಳು ಕಣ್ಣಿಗೆ ಹೊಡೆಯುತ್ತಿವೆ, ತಮ್ಮ ಕೆಳಗಿನಿಂದ ಹೇಳು ಹೇಳು ಅಂತ ಸನ್ನೆ ಮಾಡುತ್ತಿದ್ದಾನೆ, ಹೇಳಬೇಕು, ಆದರೆ ಕಣ್ಣೆದುರು ಅವಳ ಆ ಕೈ, ನಾನು ಮೊದಲ ಸಲ ಸರಿಯಾಗಿ ಹೊಡೆದು ನಿಲ್ಲಿಸಿದ ಕೈ, ಒಂಟೆಯ ಕಡೆ ಹೊರಟು, ಅರ್ಧಕ್ಕೆ, ರಾಣಿಯ ಮೇಲೆ, ಆನೆಯ ಮೇಲೆ, ಇಳಿಯಲಿಲ್ಲ, ಬೋರ್ಡಿನ ಮೇಲೆ ಗಾಳಿಯಲ್ಲಿ ನಿಂತ ಆ ಕೈ, ಐದು ಬೆರಳು ಬಿಚ್ಚಿಕೊಂಡು, ಮುಟ್ಟುವುದಕ್ಕೆ ಏನೂ ಇಲ್ಲದೆ, ಆ ಕೈ —